ಗಣಿಗೆ ಬಿಟ್ಟ ನೀರು

ನಾನು ಸರಖೇಲರ ಮನೆಗೆ ಸೊಸೆಯಾಗಿ ಬಂದಾಗ ನನ್ನ ಮೈದುನ ರಾಖಾಲನಿಗೆ ಇನ್ನೂ ಮೀಸೆ ಚಿಗುರಿರಲಿಲ್ಲ. ಪಲ್ಲಕ್ಕಿಯಿಂದ ಇಳಿದ ನನ್ನ ಪಾದಕ್ಕೆ ಅಂಗಳದ ಕರಿ ಧೂಳು ಮೆತ್ತಿಕೊಂಡಿದ್ದನ್ನು ನೋಡಿ ಅವನು ಚಪ್ಪಾಳೆ ತಟ್ಟಿ ನಕ್ಕಿದ್ದ.

"ಅತ್ತಿಗೆ, ಕಾಲಿಗೆ ಕೆಂಪು ಹಚ್ಕೊಂಡು ಬಂದ್ರಿ, ನಮ್ಮನೆ ಮಸಿ ಬಳಿದುಬಿಡ್ತು. ಇನ್ನು ಗಂಗೇಲಿ ತೊಳೆದ್ರೂ ಹೋಗಲ್ಲ."

ಗಣಿಗಳ ಊರಾದ ಶಾಲ್ಡಿಹಿಯಲ್ಲಿ ಕರಿ ಧೂಳು ಬೀಳದ ಮನೆಯೇ ಇರಲಿಲ್ಲ. ನಮ್ಮ ಮನೆಯಲ್ಲಿ ಮಾತ್ರ ಅದನ್ನು ಲಕ್ಷ್ಮಿ ಅನ್ನುತ್ತಿದ್ದರು, ಕಾಲಿಗೆ ತಾಗಿದರೆ ಕಣ್ಣಿಗೊತ್ತಿಕೊಳ್ಳುತ್ತಿದ್ದರು. ನಮ್ಮ ಮಾವನವರ ತಂದೆ ಕೆರೆ ತೋಡಿಸಲು ಹೋದಾಗ ನೀರು ಬರಲಿಲ್ಲ, ಕಲ್ಲಿದ್ದಲು ಬಂತು. ಊರವರು ಅಪಶಕುನ ಅಂದರು. ಅವರು ಕೆರೆಯ ಆಸೆ ಬಿಟ್ಟು ಅದನ್ನೇ ತೋಡಿಸಿದರು. ಮೊದಲು ದಾಮೋದರ ನದಿ ತುಂಬಿದಾಗ ದೋಣಿಯಲ್ಲಿ ಕಲ್ಕತ್ತೆಗೆ ಹೋಗುತ್ತಿತ್ತು, ಆಮೇಲೆ ರೈಲು ಬಂತು. ಮಾವ ತೀರಿಕೊಳ್ಳುವ ಹೊತ್ತಿಗೆ ಊರಿನ ಅರ್ಧ ನೆಲದಡಿ ನಮ್ಮ ಸುರಂಗಗಳು ಹಬ್ಬಿದ್ದವು.

ಮಾವ ಹೋದ ಮೇಲೆ ಅಣ್ಣತಮ್ಮಂದಿರು ಕೆಲಸ ಹಂಚಿಕೊಂಡರು. ನೆಲದ ಮೇಲಿನದು ನನ್ನ ಯಜಮಾನರು ತ್ರೈಲೋಕ್ಯನಾಥರದು. ಕಂಪನಿಯವರ ಜೊತೆ ಮಾತು, ರೈಲಿನವರ ಜೊತೆ ಜಗಳ, ಎಲ್ಲ ಅವರೇ. ನೆಲದ ಕೆಳಗಿನದು ರಾಖಾಲನದು. ಬ್ರಾಹ್ಮಣರ ಹುಡುಗ ನಾವು ಮುಟ್ಟದ ಬಾವುರಿ ಕೂಲಿಯವರ ಜೊತೆ ಗಣಿಗೆ ಇಳಿಯುವುದು ನಮ್ಮ ಅತ್ತೆಗೆ ಹಿಡಿಸುತ್ತಿರಲಿಲ್ಲ. ಸಂಜೆ ಅವನು ಬಂದರೆ ಹಿತ್ತಲಲ್ಲಿ ಏಳು ಕೊಡ ನೀರು ಸುರಿಸಿಕೊಂಡೇ ಒಳಗೆ ಬರಬೇಕಿತ್ತು.

"ಅಲ್ಲೇನು ಇಟ್ಟಿದ್ದೀಯೋ ಆ ಬಿಲದೊಳಗೆ?" ಎಂದು ಅತ್ತೆ ಬೈಯುವರು.

"ತಂಪು ಅಮ್ಮ. ನಿನ್ನ ಬಾಯಿ ಅಲ್ಲೀವರೆಗೂ ಕೇಳ್ಸಲ್ಲ ನೋಡು," ಅನ್ನುವನು.

ಅವನಿಗೆ ಬಾಂಕುಡಾ ಕಡೆಯ ಕ್ಷೀರೋದಾಳನ್ನು ತಂದರು. ನನ್ನ ವಾರಗಿತ್ತಿ ಅನ್ನುವುದು ಹೆಸರಿಗೆ, ಅವಳು ನನಗೆ ಮಗಳ ವಯಸ್ಸಿನವಳು. ನನಗೆ ಮಕ್ಕಳಾಗಲಿಲ್ಲ. ನಮ್ಮ ಕಡೆ ಬ್ರಾಹ್ಮಣರೂ ಮೀನು ತಿನ್ನುವವರೇ. ಸಣ್ಣ ಮೀನು ಹುರಿಯುವಾಗ ಅವಳು ಒಲೆಯ ಬಳಿಯೇ ಎರಡು ಬಾಯಿಗೆ ಹಾಕಿಕೊಂಡು, ಬಿಸಿ ತಾಳಲಾರದೆ ಕುಣಿಯುವಳು. ಗಂಡ ಗಣಿಯಿಂದ ಬರುವ ಹೊತ್ತಿಗೆ ಏಳನೆಯ ಕೊಡ ಸುರಿಯುವ ಕೆಲಸ ತನ್ನದೇ ಎಂದು ಆಳಿನ ಹತ್ತಿರ ಜಗಳ ತೆಗೆಯುವಳು. ಮದುವೆಯಾಗಿ ಮೂರು ವರ್ಷವೂ ತುಂಬಿರಲಿಲ್ಲ.

ಆ ವರ್ಷ ಮಳೆ ಜೋರಾಗಿತ್ತು. ಸಿಂಗಾರಣ ತೊರೆ ದಡ ಮುಟ್ಟಿ ಹರಿಯುತ್ತಿತ್ತು. ದುರ್ಗಾಪೂಜೆ ಹತ್ತಿರ ಬಂದಿತ್ತು, ನಮ್ಮ ಅಂಗಳದಲ್ಲಿ ಮೂರ್ತಿಗೆ ಮಣ್ಣು ಮೆತ್ತಿಯಾಗಿತ್ತು, ಬಣ್ಣ ಹಚ್ಚಬೇಕಿತ್ತು. ಒಂದು ಬೆಳಿಗ್ಗೆ ಗಣಿಬಾವಿಯ ಬಾಯಿಂದ ಹೊಗೆ ಬರುತ್ತಿದೆ ಎಂದು ಕಲ್ಲಿದ್ದಲು ಮೇಲೆತ್ತುವ ರಾಟೆ ತಿರುಗಿಸುವ ಹೆಂಗಸರು ಓಡಿಬಂದರು. ಗಣಿಯೊಳಗೆ ಬಿದ್ದ ಕಲ್ಲಿದ್ದಲ ಪುಡಿಯ ರಾಶಿ ಬೆವತು, ಕಾದು, ತಾನಾಗಿ ಹೊತ್ತಿಕೊಳ್ಳುವುದುಂಟು. ಹಿಂದೆಯೂ ಆಗಿತ್ತು. ಉರಿಯುವ ಸುರಂಗದ ಬಾಯಿಗೆ ಮಣ್ಣು, ಇಟ್ಟಿಗೆ ಇಟ್ಟು ಗೋಡೆ ಕಟ್ಟಿದರೆ ಗಾಳಿಯಿಲ್ಲದೆ ಬೆಂಕಿ ಸಾಯುತ್ತದೆ. ರಾಖಾಲ ಎದ್ದವನೇ ಬಾವುರಿಗಳ ಮುಖ್ಯಸ್ಥ ಗುಹಿರಾಮನನ್ನೂ ಇನ್ನು ನಾಲ್ವರನ್ನೂ ಕರೆದುಕೊಂಡು ಇಳಿದ. ಹೋಗುವಾಗ ಕ್ಷೀರೋದಾ ಒಂದು ಬಟ್ಟಲು ಮಂಡಕ್ಕಿ ಹಿಡಿದು ಬಾಗಿಲಿಗೆ ಬಂದಳು. "ಬಂದು ತಿಂತೀನಿ, ಮೆತ್ತಗಾಗದ ಹಾಗೆ ಮುಚ್ಚಿಡು," ಅಂದ.

ಮಧ್ಯಾಹ್ನ ನೆಲ ಒಮ್ಮೆ ಗುಡುಗಿತು. ಬಾವಿಯ ಬಾಯಿಂದ ಹೊಗೆ ಆಳೆತ್ತರ ಎದ್ದಿತು. ಅವರ ಹಿಂದೆ ಇಳಿದ ಇಬ್ಬರು ಅರ್ಧದಲ್ಲೇ ಉಸಿರು ಕಟ್ಟಿ, ಹಗ್ಗ ಅಲ್ಲಾಡಿಸಿ ಮೇಲೆ ಬಂದರು. ಅಂದೂ ಮರುದಿನವೂ ಯಾರಿಗೂ ಇಳಿಯಲಾಗಲಿಲ್ಲ.

ಮೂರನೆಯ ದಿನ ಪಕ್ಕದ ಗಣಿಯ ಸಾಹೇಬ ಕುದುರೆಯ ಮೇಲೆ ಬಂದು ನೋಡಿದ. ಬೆಂಕಿ ಸುರಂಗದ ಸೂರು ಹೊತ್ತ ಕಲ್ಲಿದ್ದಲಿನ ಕಂಬಗಳನ್ನು ಹಿಡಿದಿದೆ, ತೊರೆಯ ದಡ ಕಡಿದು ನೀರು ಬಿಡದಿದ್ದರೆ ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಉರಿಯುತ್ತದೆ, ಊರು ಒಳಗೆ ಕುಸಿಯುತ್ತದೆ ಎಂದ. ಒಳಗಿನವರ ವಿಷಯ ಕೇಳಿದ್ದಕ್ಕೆ, ಆ ಹೊಗೆಯಲ್ಲಿ ಮನುಷ್ಯ ಒಂದು ಗಳಿಗೆಯೂ ಬದುಕಲಾರ ಎಂದು ತಲೆಯಾಡಿಸಿದ.

ಗುಹಿರಾಮನ ಹೆಂಡತಿ ಭಾದು ನನ್ನ ಯಜಮಾನರ ಕಾಲು ಹಿಡಿದುಕೊಂಡಳು.

"ದೊಡ್ಡ ಬಾಬು, ಇನ್ನೊಂದಿನ ತಡೀರಿ. ಆ ದಿಬ್ಬದ ಕಡೆ ನೆಲಕ್ಕೆ ಕಿವಿ ಇಟ್ಟೀನಿ. ಠಕ್ ಠಕ್ ಅಂತೈತೆ. ನನ್ನ ಗಂಡನ ಗುದ್ಲಿ ಸದ್ದು ನಂಗೆ ಗೊತ್ತಿಲ್ವಾ?"

ಯಜಮಾನರು ದಿಬ್ಬಕ್ಕೆ ಹೋಗಿ ತಾವೂ ನೆಲಕ್ಕೆ ಕಿವಿ ಇಟ್ಟರು. ಸಾಹೇಬನೂ ಇಟ್ಟ. ಬೆಂಕಿಗೆ ಕಲ್ಲಿದ್ದಲು ಸಿಡಿಯುವ ಸದ್ದು ಅದು ಎಂದ. ಯಜಮಾನರು ಬಹಳ ಹೊತ್ತು ಅಲ್ಲೇ ಕೂತಿದ್ದರಂತೆ. ಆಮೇಲೆ ಎದ್ದು ದಡ ಕಡಿಯಲು ಹೇಳಿದರು. ನೀರು ಗಣಿಯೊಳಗೆ ನುಗ್ಗುವ ಸದ್ದು ನಮ್ಮ ಅಡಿಗೆಮನೆಯವರೆಗೆ ಕೇಳಿಸಿತು. ಕ್ಷೀರೋದಾ ಮುಚ್ಚಿಟ್ಟ ಮಂಡಕ್ಕಿಯ ಬಟ್ಟಲನ್ನು ಎತ್ತಿ ಮಡಿಲಲ್ಲಿಟ್ಟುಕೊಂಡಳು.

ಸಂಜೆ ಯಜಮಾನರು ಬಂದಾಗ ಅತ್ತೆ ಜಗಲಿಯ ಮೇಲೆ ಜಪಮಾಲೆ ಹಿಡಿದು ಕೂತಿದ್ದರು.

"ಅವನು ಸತ್ತಿದ್ದನ್ನ ನೀನು ಕಣ್ಣಾರೆ ನೋಡಿದ್ಯಾ?"

"ಇಲ್ಲ ಅಮ್ಮ. ಆದರೆ..."

"ನೋಡಿಲ್ಲ ತಾನೆ. ಹಾಗಾದ್ರೆ ಸತ್ತಿಲ್ಲ. ಇನ್ನೊಂದು ಸಲ ಈ ಮನೇಲಿ ಆ ಮಾತು ಬರಕೂಡದು."

ಪುರೋಹಿತರು ಬಂದು, ಸೂತಕವಿದ್ದರೆ ಪೂಜೆ ಮಾಡುವಂತಿಲ್ಲ ಎಂದು ಮೆಲ್ಲಗೆ ಹೇಳಿದರು. ಅತ್ತೆ ಮುಖವೆತ್ತದೆ ಕೇಳಿದರು, "ಯಾರಿಗೆ ಸೂತಕ? ನಿಮ್ಮನೇಲಿ ಯಾರಾದ್ರೂ ತೀರ್ಕೊಂಡ್ರಾ?" ಪೂಜೆ ನಡೆಯಿತು. ಮೂರ್ತಿಗೆ ಬಣ್ಣ ಬಂತು, ಡೋಲು ಬಂತು. ವಿಜಯದಶಮಿಯ ದಿನ ಮುತ್ತೈದೆಯರೆಲ್ಲ ದೇವಿಯ ಹಣೆಗೆ ಸಿಂಧೂರ ಹಚ್ಚಿ ಒಬ್ಬರಿಗೊಬ್ಬರು ಬಳಿದುಕೊಳ್ಳುವಾಗ ಅತ್ತೆ ಕ್ಷೀರೋದಾಳನ್ನು ಕೈಹಿಡಿದು ಎಳೆದು ತಂದು ನಡುವೆ ನಿಲ್ಲಿಸಿದರು. ಬಂದ ಹೆಂಗಸರು ಅವಳನ್ನು ಮುಟ್ಟಲು ಹಿಂಜರಿದರು. ಮೊದಲು ಹಚ್ಚಿದವಳು ನಾನೇ. ಅವಳ ಕೆನ್ನೆ ಸುಡುತ್ತಿತ್ತು.

ಹೀಗೆ ಅವಳ ಬಾಳು ಶುರುವಾಯಿತು. ಶವ ಸಿಗದೆ ಕಾಣೆಯಾದವನಿಗಾಗಿ ಹನ್ನೆರಡು ವರ್ಷ ಕಾಯಬೇಕು, ಆಮೇಲೆ ದರ್ಭೆಯ ಬೊಂಬೆ ಮಾಡಿ ಸುಡಬೇಕು. ಅಲ್ಲಿಯವರೆಗೆ ಹೆಂಡತಿ ಮುತ್ತೈದೆಯೇ. ಅತ್ತೆ ದಿನಾ ಬೆಳಿಗ್ಗೆ ಅವಳ ಬೈತಲೆಗೆ ಸಿಂಧೂರ ತಾವೇ ತುಂಬುತ್ತಿದ್ದರು. ಶಂಖದ ಬಳೆ ಬಿರುಕು ಬಿಟ್ಟರೆ ಅದೇ ದಿನ ಬಳೆಗಾರನನ್ನು ಕರೆಸುತ್ತಿದ್ದರು. ರಾಖಾಲ ಹಳೆಯ ಸುರಂಗದಿಂದ ಹೊರಬಿದ್ದು, ಹೆದರಿ ಸನ್ಯಾಸಿಯಾಗಿ ಹೋಗಿದ್ದಾನೆ ಎಂಬುದು ಅವರ ಲೆಕ್ಕ. ಒಬ್ಬ ಯಾತ್ರಿಕ ದೇವಘರ ಕ್ಷೇತ್ರದಲ್ಲಿ ಅಂಥವನೊಬ್ಬನನ್ನು ನೋಡಿದೆ ಎಂದ. ಅಂಥ ಯಾತ್ರಿಕರಿಗೆ ನಮ್ಮನೆಯಲ್ಲಿ ಎರಡು ಹೊತ್ತು ಊಟ ಸಿಗುತ್ತದೆ ಎಂದು ತಿಳಿದ ಮೇಲೆ ಎಲ್ಲರೂ ಎಲ್ಲೆಲ್ಲೋ ಅವನನ್ನು ನೋಡತೊಡಗಿದರು.

ಏಕಾದಶಿ ಬಂದರೆ ವಿಧವೆಯಾದ ಅತ್ತೆ ಹನಿ ನೀರೂ ಮುಟ್ಟದೆ ಉಪವಾಸ. ಅದೇ ದಿನ ಮುತ್ತೈದೆ ಮೀನು ತಿನ್ನಬೇಕು. ಒಣಗಿದ ತುಟಿಯ ಅತ್ತೆ ಕ್ಷೀರೋದಾಳ ಎದುರು ಕೂತು ಅವಳು ಮೀನು ತಿನ್ನುವುದನ್ನು ನೋಡುತ್ತಿದ್ದರು.

"ಇಳೀತಾ ಇಲ್ಲ ಅಮ್ಮ," ಎಂದಳು ಒಮ್ಮೆ.

"ಇಳಿಸು. ನೀನು ಬಿಟ್ರೆ ಅವನು ಸಾಯ್ತಾನೆ."

ತಿಂದಳು. ಹಿತ್ತಲಿಗೆ ಹೋಗಿ ಕಾರಿದಳು. ನಾನು ಅವಳ ಬೆನ್ನು ಸವರುತ್ತಾ ನಿಂತೆ. "ಅಕ್ಕ, ನಾನು ಗಂಡನಿಗಾಗಿ ಅಳೋ ಹಾಗೂ ಇಲ್ಲ," ಅಂದಳು. "ಅತ್ತರೆ ಸತ್ತ ಅಂತ ಆಗುತ್ತೆ."

ಒಂದು ವರ್ಷದ ಮೇಲೆ ಭಾದು ಗುಹಿರಾಮನ ದಾಯಾದಿ ಶಿಬುವನ್ನು ಕೂಡಿಕೆ ಮಾಡಿಕೊಂಡಳು. ಬಾವುರಿಗಳಲ್ಲಿ ಅದಕ್ಕೆ ಅಡ್ಡಿಯಿಲ್ಲ. ನಮ್ಮ ಕೆಲಸದವಳು ಊರ ಕೆರೆಯ ಮೆಟ್ಟಿಲ ಮೇಲೆ ಅವಳನ್ನು ಕೆಣಕಿದಳು: "ಏನೇ, ಗುಹಿರಾಮನ ಚಾಪೆ ಆರೋ ಮುಂಚೆ ಇನ್ನೊಬ್ಬನನ್ನ ಮಲಗಿಸ್ಕೊಂಡ್ಯಲ್ಲ?"

"ಹೂಂ ಕಣೆ. ನಿನ್ನ ಗಂಡನ್ನೇ ಕೇಳಿದ್ದೆ, ಅವನು ಬರಕ್ಕೆ ತಯಾರಿದ್ದ. ಗೊರಕೆ ಹೊಡೀತಾನೆ ಅಂತ ನಾನೇ ಬ್ಯಾಡ ಅಂದೆ," ಎಂದಳು ಭಾದು. ಕೆಲಸದವಳು ಕೊಡ ಎತ್ತಿಕೊಂಡು ಹೋದಳು.

ಕ್ಷೀರೋದಾ ನೀರಲ್ಲಿ ನಿಂತವಳು ಸೆರಗಿನೊಳಗಿಂದ ಕೇಳಿದಳು, "ಭಾದು, ಅವನು ಸತ್ತಿದ್ದಾನೆ ಅಂತ ನಿಂಗೆ ಹೇಗೆ ಗೊತ್ತಾಯ್ತು?"

"ಗೊತ್ತಾಗ್ಲಿಲ್ಲ ಸಣ್ಣಮ್ಮಾರೆ. ಎರಡು ಮಕ್ಕಳು ಹಸಿವು ಹಸಿವು ಅಂದ್ವು. ಅಷ್ಟೇ ನಂಗೆ ಗೊತ್ತಾಗಿದ್ದು."

ಆ ಉತ್ತರವನ್ನು ಕ್ಷೀರೋದಾ ಎಷ್ಟೋ ದಿನ ಮನಸ್ಸಿನಲ್ಲಿಟ್ಟುಕೊಂಡಿದ್ದಳು. "ನನಗೊಂದು ಕೂಸಾದ್ರೂ ಇದ್ದಿದ್ರೆ, ಹಸಿವು ಅನ್ನೋದು," ಎಂದಳು ನನ್ನೆದುರು.

ಗಣಿ ನೀರು ತುಂಬಿಕೊಂಡು ಹಾಗೇ ಬಿತ್ತು. ಪಕ್ಕದಲ್ಲಿ ತೋಡಿಸಿದ ಚಿಕ್ಕ ಬಾವಿಯಲ್ಲಿ ಕಲ್ಲು ಜಾಸ್ತಿ, ಕಲ್ಲಿದ್ದಲು ಕಡಿಮೆ. ಯಜಮಾನರಿಗೂ ಮನಸ್ಸಿರಲಿಲ್ಲ. ಗಣಿಯ ಕಡೆಗೆ ಹೋಗದೆ ದಿನವೆಲ್ಲ ಜಗಲಿಯಲ್ಲೇ ಹುಕ್ಕಾ ಹಿಡಿದು ಕೂರುವರು. ತಾಯಿ ಮಗ ಒಂದೇ ಜಗಲಿಯ ಎರಡು ತುದಿ. ಒಂಬತ್ತನೆಯ ವರ್ಷ ಅವರು ಗಣಿಯನ್ನು ಸಾಹೇಬರ ಕಂಪನಿಗೆ ಬರೆದುಕೊಟ್ಟರು. ಕಂಪನಿಯವರ ಹತ್ತಿರ ಉಗಿಯಂತ್ರವಿತ್ತು. ಅದು ಹಗಲೂ ರಾತ್ರಿ ಏದುಸಿರು ಬಿಡುತ್ತಾ ನೀರು ಮೇಲೆತ್ತಿತು. ಸಿಂಗಾರಣ ಕಪ್ಪಗಾಗಿ ಮೀನು ಬೆಳ್ಳಗೆ ತೇಲಿದವು. ಚಳಿಗಾಲ ಮುಗಿಯುವ ಹೊತ್ತಿಗೆ ತಳ ಕಂಡಿತು.

ಮೊದಲು ಇಳಿದವರಲ್ಲಿ ಶಿಬು ಒಬ್ಬ. ಅವನು ಕಂಡದ್ದನ್ನು ಭಾದು ಮಧ್ಯಾಹ್ನ ನಮ್ಮ ಹಿತ್ತಲಿಗೆ ಬಂದು ಹೇಳಿದಳು. ಕ್ಷೀರೋದಾ, ನಾನು, ಇಬ್ಬರೂ ಇದ್ದೆವು.

"ಅವ್ರು ಬೆಂಕಿ ಹತ್ರ ಇರ್ಲಿಲ್ವಂತೆ ಅಮ್ಮಾರೆ. ದಿಬ್ಬದ ಅಡೀಗೆ ಹಳೇ ಸುರಂಗ ಏರ್ಕೊಂಡು ಹೋಗ್ತದಲ್ಲ, ಅದರ ತುದೀಲಿ. ಹೊಗೆ ಬರದ ಹಾಗೆ ಅದೇ ಮಣ್ಣು, ಅದೇ ಇಟ್ಟಿಗೇಲಿ ಅಡ್ಡಗೋಡೆ ಕಟ್ಕೊಂಡಿದ್ರಂತೆ. ಆಮೇಲೆ ಮೇಲಕ್ಕೆ ಅಗೆದವ್ರೆ. ಒಂದಾಳುದ್ದ ಅಗೆದವ್ರೆ. ಇನ್ನೂ ಒಂದಾಳುದ್ದ ಅಗೆದಿದ್ರೆ ಹುಲ್ಲಿನ ಬೇರು ಸಿಗೋದು ಅಂದ ಶಿಬು."

ಅವಳು ದಿಬ್ಬದಲ್ಲಿ ಕೇಳಿಸಿಕೊಂಡದ್ದು ಗುದ್ದಲಿಯ ಸದ್ದೇ. ಅವರನ್ನು ಕೊಂದದ್ದು ಹೊಗೆಯಲ್ಲ, ನಾವು ಬಿಟ್ಟ ನೀರು. ನನ್ನ ಗಂಡ ಆ ಹೊತ್ತಿಗೆ ಗಣಿಯ ಬಳಿಯೇ ಇದ್ದರು, ಕಂಪನಿಯವರು ಕರೆದೊಯ್ದು ಎಲ್ಲ ತೋರಿಸಿದ್ದರು. ಸಂಜೆ ಮನೆಗೆ ಬಂದು ತಾಯಿಗೆ, "ಗೋಡೆ ಪಕ್ಕ ಮಲಗಿದ ಹಾಗೆ ಇದ್ದರು ಅಮ್ಮ. ಹೊಗೆ ಕುಡಿದು ನಿದ್ದೆ ಹೋದ ಹಾಗೆ," ಎಂದರು. ಹೇಳುವಾಗ ನನ್ನ ಮುಖ ನೋಡಲಿಲ್ಲ.

ಅತ್ತೆ ಜಪಮಾಲೆ ನಿಲ್ಲಿಸಲಿಲ್ಲ. "ಯಾರೋ ಆರು ಜನ ಬಾವುರಿಗಳು ಇರಬೇಕು. ನನ್ನ ಮಗ ಅವರಲ್ಲಿ ಇಲ್ಲ."

ಮರುದಿನ ಮೂಳೆಗಳನ್ನು ಮೇಲೆ ತಂದು ಬಾವಿಯ ಬಳಿ ಆರು ಚಾಪೆಗಳ ಮೇಲೆ ಇಟ್ಟರು. ನೀರಲ್ಲಿ ನೆನೆದು ಎಲ್ಲವೂ ಕಲ್ಲಿದ್ದಲಿನ ಬಣ್ಣಕ್ಕೇ ತಿರುಗಿದ್ದವು. ರಾಖಾಲನದು ಯಾವುದು ಎಂದು ಹೇಳುವವರಿಲ್ಲ. ಗುರುತು ಸಿಗದೆ ಸಂಸ್ಕಾರ ಹೇಗೆ ಮಾಡಿಸಲಿ, ಇನ್ನು ಮೂರು ವರ್ಷ ಕಾದು ದರ್ಭೆಯ ಬೊಂಬೆಯೇ ಸುಡಬೇಕು ಎಂದು ಪುರೋಹಿತರು ಕೈಚೆಲ್ಲಿದರು. ಒಳಗೆ ಕ್ಷೀರೋದಾ ಆ ಮಾತು ಕೇಳಿದಳು. ಸೆರಗು ಹೊದ್ದು ನನ್ನ ಕೈ ಹಿಡಿದುಕೊಂಡಳು. "ಅಕ್ಕ, ನನ್ನ ಜೊತೆ ಬನ್ನಿ."

ಆ ಮನೆಯ ಸೊಸೆಯಂದಿರು ಕೆರೆಯ ಆಚೆಗೆ ನಡೆದುಹೋದದ್ದು ಅದೇ ಮೊದಲು. ಗಣಿಯ ಜನ ಇಬ್ಭಾಗವಾಗಿ ದಾರಿ ಬಿಟ್ಟರು. ಯಜಮಾನರು ನಮ್ಮನ್ನು ಕಂಡು ಆಚೆ ತಿರುಗಿದರು. ತಮ್ಮನ ಹೆಂಡತಿಯ ಮುಖವನ್ನು ಭಾವ ನೋಡುವಂತಿಲ್ಲ, ಅವಳೂ ಅವನೊಡನೆ ಮಾತಾಡುವಂತಿಲ್ಲ. ನಮ್ಮಲ್ಲಿ ಹಾಗೆ. ಕ್ಷೀರೋದಾ ಒಂದೊಂದೇ ಚಾಪೆಯ ಮುಂದೆ ನಿಂತಳು. ನಾಲ್ಕನೆಯದರ ಬಳಿ ಕೂತು ಬೆರಳು ತೋರಿಸಿದಳು.

"ಇವರೇ."

"ಗುರುತೇನು ತಾಯಿ?" ಎಂದರು ಪುರೋಹಿತರು.

"ಮುಂದಿನ ಹಲ್ಲು. ಮುರಿದಿತ್ತು."

ರಾಖಾಲನಿಗೆ ಚಿಕ್ಕಂದಿನಿಂದ ಊಟ ಬಡಿಸಿದವಳು ನಾನು. ಅವನ ಹಲ್ಲು ಒಂದೂ ಮುರಿದಿರಲಿಲ್ಲ. ಹಲ್ಲು ಮುರಿದದ್ದು ಗುಹಿರಾಮನಿಗೆ. ಕಲ್ಲಿದ್ದಲಿನ ಚೂರು ಸಿಡಿದು ಮುರಿದಿತ್ತು, ಅದು ಆ ಗಣಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ಸುತ್ತ ನಿಂತ ಬಾವುರಿಗಳು ಭಾದುವಿನ ಕಡೆ ನೋಡಿದರು.

ಭಾದು ಮುಂದೆ ಬಂದಳು. ಚಾಪೆಯ ಮೇಲಿನ ತಲೆಬುರುಡೆಯನ್ನು ಒಮ್ಮೆ ನೋಡಿದಳು, ಕ್ಷೀರೋದಾಳನ್ನು ಒಮ್ಮೆ ನೋಡಿದಳು.

"ಸಣ್ಣಮ್ಮಾರು ಹೇಳಿದ್ದು ದಿಟ," ಅಂದಳು ಗಟ್ಟಿಯಾಗಿ. "ಸಣ್ಣ ಬಾಬೂಗೆ ಹಲ್ಲು ಮುರಿದಿತ್ತು. ನಾನೂ ನೋಡೀನಿ. ನನ್ನ ಗಂಡನ್ನ ನಾನು ಬ್ಯಾರೆ ಗುರುತು ಹಿಡಿದಿದ್ದೀನಿ, ಅಗೋ ಆ ಕೊನೇದು."

ಬಾವುರಿಗಳು ಉಳಿದ ಐದು ಚಾಪೆಗಳನ್ನು ಎತ್ತಿಕೊಂಡು ಹೊರಟರು.

ಅಂದೇ ದಾಮೋದರದ ದಡದಲ್ಲಿ ಚಿತೆ ಆಯಿತು. ತುಪ್ಪ, ಗಂಧದ ಚೆಕ್ಕೆ, ಮಂತ್ರ, ಎಲ್ಲ ಸರಖೇಲರ ಅಂತಸ್ತಿಗೆ ತಕ್ಕಂತೆ. ಉಳಿದ ಐವರನ್ನು ಬಾವುರಿಗಳು ಸಿಂಗಾರಣದ ಪಕ್ಕ ಸುಟ್ಟರು. ಅವರಲ್ಲಿ ಒಬ್ಬ ನನ್ನ ಮೈದುನ. ನಾನು ಮನೆಗೆ ಮರಳುವ ನೆಪದಲ್ಲಿ ಆ ದಾರಿ ಹಿಡಿದೆ. ಯಾವ ಬೆಂಕಿ ಅವನದೋ ತಿಳಿಯದೆ ಐದಕ್ಕೂ ಕೈಮುಗಿದೆ.

ಭಾದು ಅಲ್ಲಿ ಕೂತಿದ್ದಳು.

"ಯಾಕೆ ಹಾಗೆ ಮಾಡ್ದೆ ಭಾದು? ಅದು ನಿನ್ನ ಗಂಡ."

"ಗೊತ್ತು ದೊಡ್ಡಮ್ಮಾರೆ. ಆ ಹಲ್ಲಿನ ಸಂದೀಲಿ ಸಿಳ್ಳೆ ಹಾಕೋನು." ಮೂಗು ಒರೆಸಿಕೊಂಡಳು. "ಬದುಕಿದ್ದಾಗ ನಿಮ್ಮ ಜಗಲಿ ಮೆಟ್ಟಿಲು ತುಳಿಯೋಕೆ ಬಿಡ್ಲಿಲ್ಲ ಅವನ್ನ. ಇವತ್ತು ನಿಮ್ಮ ಪುರೋಹಿತ್ರು ಕಾಲು ಮುಟ್ಟಿ ತುಪ್ಪ ಹಾಕಿದ್ರು. ಎಲ್ಲಿದ್ರೂ ಹೊಟ್ಟೆ ಹಿಡ್ಕೊಂಡು ನಗ್ತಿರ್ತಾನೆ." ನಗಲು ಹೋದವಳು ಮೊಣಕಾಲಿಗೆ ಮುಖ ಒತ್ತಿಕೊಂಡು ಅತ್ತಳು. "ಆ ಹುಡುಗಿ ಮುಖ ನೋಡೋಕಾಗ್ಲಿಲ್ಲ ಕಣ್ರಮ್ಮ. ನಂಗಾದ್ರೆ ಶಿಬು ಅವ್ನೆ."

ಕ್ಷೀರೋದಾ ಕೆರೆಯ ಮೆಟ್ಟಿಲಿಗೆ ಬಳೆಗಳನ್ನು ತಾನೇ ಕುಟ್ಟಿ ಒಡೆದಳು, ಬೈತಲೆ ತೊಳೆದುಕೊಂಡಳು. ಬಿಳಿ ಸೀರೆ ಉಡಿಸುವಾಗ ಮೆಲ್ಲಗೆ ಕೇಳಿದೆ.

"ಅವನದಲ್ಲ ಅಂತ ನಿಂಗೆ ಗೊತ್ತಿತ್ತಾ?"

"ಯಾರದ್ದು ಅಂತಾನೂ ಗೊತ್ತಿರಲಿಲ್ಲ ಅಕ್ಕ. ಅದೊಂದಕ್ಕೇ ಏನೋ ಗುರುತು ಇತ್ತು. ಇನ್ನು ಮೂರು ವರ್ಷ ನನ್ನಿಂದ ಆಗ್ತಿರಲಿಲ್ಲ." ಅಂದು ಅವಳು ಗಂಡನಿಗಾಗಿ ಅತ್ತಳು. ಒಂಬತ್ತು ವರ್ಷದ್ದನ್ನೆಲ್ಲ ಒಟ್ಟಿಗೆ ಅತ್ತಳು. ನಾನು ಬಾಗಿಲು ಹಾಕಿಕೊಂಡು ಹೊರಗೆ ಕೂತೆ.

ಅತ್ತೆ ಕೊನೆಗೂ ಒಪ್ಪಲಿಲ್ಲ. ಬಿಳಿ ಸೀರೆಯಲ್ಲಿ ಎದುರು ಬಂದ ಸೊಸೆಗೆ, "ನನ್ನ ಮಗನ್ನ ಕೊಂದೆ," ಎಂದರು. ಆಮೇಲೆ ಅವಳ ಕೈಯಿಂದ ನೀರು ಕುಡಿಯಲಿಲ್ಲ. ಎರಡು ವರ್ಷ ಬದುಕಿದ್ದು, ದೇವಘರದ ಕಡೆಗೆ ತಲೆ ಮಾಡಿ ಮಲಗಿ ತೀರಿಕೊಂಡರು.

ನನ್ನ ಯಜಮಾನರು ದಿನೇದಿನೇ ಒಣಗಿದರು. ವೈದ್ಯರಿಗೆ ರೋಗ ಸಿಗಲಿಲ್ಲ. ಕೆಲವೊಮ್ಮೆ ಊಟದ ನಡುವೆ ಕೈ ನಿಲ್ಲಿಸಿ, "ಸಾಹೇಬನೂ ಕಿವಿ ಇಟ್ಟು ಕೇಳಿದ್ನಲ್ಲ?" ಅನ್ನುವರು. "ಹೌದು," ಅನ್ನುವೆ. "ಬೆಂಕಿ ಸದ್ದು ಅಂದ್ನಲ್ಲ?" "ಅಂದ." ಅನ್ನ ಹಾಗೇ ಬಿಟ್ಟು ಏಳುವರು. ಗಂಡನಿಗೆ ನೀವು ಮಾಡಿದ್ದು ತಪ್ಪು ಎಂದು ಹೇಗೆ ಹೇಳಲಿ, ತಪ್ಪಲ್ಲ ಎಂದಾದರೂ ಹೇಗೆ ಹೇಳಲಿ?

ಕೊನೆಯ ದಿನಗಳಲ್ಲಿ ಅವರಿಗೆ ಏಳಲಾಗುತ್ತಿರಲಿಲ್ಲ. ಒಂದು ಬೆಳಿಗ್ಗೆ ನಾನು ಗಂಜಿ ತರಲು ಹೋಗಿ ಬರುವಷ್ಟರಲ್ಲಿ ಕ್ಷೀರೋದಾ ಒಳಗೆ ಬಂದು ಹಾಸಿಗೆಯ ಪಕ್ಕ ಕೂತಿದ್ದಳು. ಸೆರಗು ತಲೆಯ ಮೇಲಿತ್ತು, ಮುಖ ಮಾತ್ರ ಮುಚ್ಚಿರಲಿಲ್ಲ. ಅಷ್ಟು ವರ್ಷ ಒಂದೇ ಸೂರಿನಡಿ ಇದ್ದೂ ಅವರು ಅವಳ ಮುಖ ಕಂಡದ್ದು ಅಂದೇ ಇರಬೇಕು.

"ಭಾವ," ಎಂದಳು, "ಭಾದು ಕಾಲು ಹಿಡಿದಳಲ್ಲ, ಇನ್ನೊಂದಿನ ಕಾಯಬಹುದಿತ್ತು ನೀವು."

ಅವಳನ್ನು ಹೊರಗೆ ಕರೆಯಬೇಕೆಂದು ಬಾಯಿ ತೆರೆದೆ. ಯಜಮಾನರ ಕಣ್ಣಿಂದ ನೀರು ಕಿವಿಯ ಕಡೆಗೆ ಇಳಿಯುತ್ತಿತ್ತು.

"ಹೌದಮ್ಮ," ಎಂದರು. "ಕಾಯಬಹುದಿತ್ತು."

ಅವಳು ನನ್ನ ಕೈಯಿಂದ ಗಂಜಿಯ ಬಟ್ಟಲು ತೆಗೆದುಕೊಂಡು, ಅವರ ತಲೆಯನ್ನು ತನ್ನ ತೋಳಿನ ಮೇಲೆ ಎತ್ತಿ ಹಿಡಿದು, ಚಮಚೆ ಚಮಚೆಯಾಗಿ ಕುಡಿಸಿದಳು. ಎಷ್ಟೋ ತಿಂಗಳಿಂದ ಎರಡು ಗುಟುಕಿಗೆ ಸಾಕು ಅನ್ನುತ್ತಿದ್ದ ಮನುಷ್ಯ ಅಂದು ಬಟ್ಟಲು ಖಾಲಿ ಮಾಡಿದರು.